ಮನೆಯ ಬೆನ್ನು ವಿಡಿಯೊ ಕಾಲ್‌ನಲ್ಲಿ ಕಾಣಲ್ಲ

ಓದುಗರ ಪತ್ರ: ನಮ್ಮಣ್ಣ ವಿದೇಶದಲ್ಲಿದ್ದಾನೆ. ಗುಡ್ಡದ ಇಳಿಜಾರಲ್ಲಿರೋ ಅವನ ಹಳೇ ಮನೆಯನ್ನ ರಿಪೇರಿ ಮಾಡಿಸೋ ಜವಾಬ್ದಾರಿ ನನ್ನ ತಲೆ ಮೇಲೆ ಬಿದ್ದಿದೆ. ಅವನಿಗೆ ಕಣಿವೆ ಕಡೆ ಗಾಜಿನ ಬಾಲ್ಕನಿ ಬೇಕು, ಓಪನ್ ಕಿಚನ್ ಬೇಕು. ಆದ್ರೆ ಗುಡ್ಡಕ್ಕೆ ಅಂಟಿಕೊಂಡಿರೋ ಹಿಂದಿನ ರೂಮಿನ ಗೋಡೆ ಯಾವಾಗ್ಲೂ ತೇವ, ಮೂಲೆಯಲ್ಲಿ ಓರೆಯಾಗಿ ಬಿರುಕು ಬೇರೆ. ಕಂಟ್ರಾಕ್ಟರ್ ವಾಟರ್‌ಪ್ರೂಫ್ ಪೇಂಟ್ ಹೊಡೆದ್ರೆ ಸಾಕು ಅಂತಾರೆ. ದುಡ್ಡು ಕಳಿಸೋನು ಅಣ್ಣ, ಮಾತು ಕೇಳೋನು ನಾನು. ಎಲ್ಲಿಂದ ಶುರು ಮಾಡ್ಲಿ?

ಸಂಪಾದಕರ ಉತ್ತರ:

ಹಿಂದಿನಿಂದ ಶುರು ಮಾಡಿ. ಬಾಲ್ಕನಿ ಎಲ್ಲೂ ಓಡಿಹೋಗಲ್ಲ.

ನಿಮ್ಮ ಪತ್ರ ಓದಿ ನಗು ಬಂತು, ಯಾಕಂದ್ರೆ ಇದೇ ತಪ್ಪು ನಾನೂ ಮಾಡಿದ್ದೀನಿ. ಹತ್ತಿರದ ನೆಂಟರೊಬ್ಬರು ಹೊರದೇಶದಲ್ಲಿದ್ರು, ಅವರ ಮನೆ ಕೆಲಸಕ್ಕೆ ನಾನೇ ಮೇಲ್ವಿಚಾರಕ, ವಾರಕ್ಕೊಂದು ಸಲ ವಿಡಿಯೊ ಕಾಲ್ ಮಾಡಿ ಹಾಲ್ ತೋರಿಸ್ತಿದ್ದೆ, ಟೈಲ್ಸ್ ತೋರಿಸ್ತಿದ್ದೆ, ಸೂಪರ್ ಸೂಪರ್ ಅಂತಿದ್ರು. ಒಂದಿನ ಹಿಂದಿನ ತಡೆಗೋಡೆ ತೋರಿಸಿದಾಗ ಅದರ ತೂತುಗಳ ಕೆಳಗೆ ಕಂದು ಬಣ್ಣದ ಕಲೆ ಇಳಿದಿತ್ತು, ಅಸಹ್ಯವಾಗಿದೆ ಕ್ಲೀನ್ ಮಾಡ್ಸಿ ಅಂದ್ರು. ಕೆಲಸದವರು ಕ್ಲೀನ್ ಮಾಡಿದ್ದು ಹೇಗೆ ಗೊತ್ತಾ? ತೂತುಗಳಿಗೆಲ್ಲ ಸಿಮೆಂಟ್ ಮೆತ್ತಿ ಮೇಲೆ ಸುಣ್ಣ ಬಳಿದ್ರು. ನಾನೂ ಚೆನ್ನಾಗಿದೆ ಅಂತ ಫೋಟೊ ಕಳಿಸ್ದೆ. ಮುಂದಿನ ಮಳೆಗೆ ಗೋಡೆ ಹೊಟ್ಟೆ ಉಬ್ಬಿಸ್ಕೊಂಡು ನಿಂತಿತ್ತು. ಕಬ್ಬಿಣದ ಸಲಾಕೆ ತಗೊಂಡು ಒಂದೊಂದೇ ತೂತು ಚುಚ್ಚಿದಾಗ ಕಪ್ಪು ನೀರು ಚಿಮ್ಮಿದ್ದು ಅರ್ಧ ಗಂಟೆ ಆದ್ರೂ ನಿಲ್ಲಲಿಲ್ಲ, ನನ್ನ ಅಂಗಿಗೆ ಅಂಟಿದ ಆ ಕೆಸರಿನ ಕಲೆ ಕೊನೆಗೂ ಹೋಗ್ಲಿಲ್ಲ.

ಆ ತೂತುಗಳೇ ವೀಪ್ ಹೋಲ್. ಗೋಡೆ ಹಿಂದೆ ನೀರು ನಿಲ್ಲಬಾರದು ಅಂತಾನೇ ಬಿಟ್ಟಿರೋದು. ಲೆಕ್ಕ ಸರಳವಾಗಿದೆ ನೋಡಿ, 3 ಮೀಟರ್ ಎತ್ತರದ ಗೋಡೆ ಹಿಂದೆ ತುದಿವರೆಗೂ ನೀರು ನಿಂತ್ರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದದ ಮೇಲೆ ಬರೀ ನೀರಿನ ಒತ್ತಡವೇ ಸುಮಾರು ನಾಲ್ಕೂವರೆ ಟನ್, ಮಣ್ಣಿನದ್ದು ಅದರ ಮೇಲೆ ಬೇರೆ. ನೀರಿನ ಎತ್ತರ ಅರ್ಧಕ್ಕೆ ಇಳಿಸಿದ್ರೆ ಈ ಒತ್ತಡ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಅದಕ್ಕೇ ಗುಡ್ಡದ ಮನೆ ಕೆಲಸ ಬಲ್ಲವರು ಗೋಡೆ ದಪ್ಪ ಮಾಡೋದಕ್ಕಿಂತ ಮೊದ್ಲು ನೀರಿಗೆ ದಾರಿ ಎಲ್ಲಿದೆ ಅಂತ ಕೇಳ್ತಾರೆ.

ಈಗ ನಿಮ್ಮ ಪೇಂಟ್ ವಿಷಯ. ಒಳಗಡೆಯಿಂದ ಏನೇ ಬಳಿದ್ರೂ ನೀರು ಬರ್ತಿರೋದು ಆಚೆ ಕಡೆಯಿಂದ, ಅದು ಪೇಂಟನ್ನ ಬೆನ್ನ ಹಿಂದಿನಿಂದ ತಳ್ಳುತ್ತೆ, ಗುಳ್ಳೆ ಏಳುತ್ತೆ, ಬಿಳಿ ಉಪ್ಪು ಹಿಟ್ಟಿನ ಥರ ಉದುರುತ್ತೆ. ಒಂದೆರಡು ಮಳೆ ತಡೀಬಹುದು ಅಷ್ಟೇ. ಆದ್ರೂ ಕಂಟ್ರಾಕ್ಟರ್ ಜತೆ ಜಗಳ ಆಡೋ ಮೊದ್ಲು ಒಂದು ಸಣ್ಣ ಪರೀಕ್ಷೆ ಮಾಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಶೀಟನ್ನ ಆ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಿ. (ತೇವದ ಗೋಡೆಗೆ ಟೇಪ್ ಹಿಡಿಯಲ್ಲ, ಮೊದ್ಲು ಬಟ್ಟೆಯಲ್ಲಿ ಚೆನ್ನಾಗಿ ಒರೆಸ್ಕೊಳ್ಳಿ.) ಹನಿ ಶೀಟಿನ ಹಿಂದೆ, ಗೋಡೆ ಕಡೆ ಕೂತಿದ್ರೆ ನೀರು ಗೋಡೆಯಿಂದಲೇ ಬರ್ತಿದೆ. ರೂಮಿನ ಕಡೆ ಮುಖದ ಮೇಲೆ ಕೂತಿದ್ರೆ ಅದು ಮುಚ್ಚಿಟ್ಟ ಮನೆಯ ಗಾಳಿಯ ತೇವ, ಕಿಟಕಿ ತೆಗೆದು ಗಾಳಿ ಆಡೋಕೆ ಬಿಟ್ರೆ ಅರ್ಧ ಸರಿಹೋಗುತ್ತೆ. ಖಾಲಿ ಮನೆಗಳಲ್ಲಿ ಎರಡೂ ಒಟ್ಟಿಗೇ ಇರೋದೂ ಉಂಟು.

ಗೋಡೆಯಿಂದಲೇ ಅಂತ ಆದ್ರೆ ಹೊರಗಡೆ ಅಗೀಬೇಕು, ಬೇರೆ ದಾರಿ ಇಲ್ಲ. ಗೋಡೆ ಬುಡದಲ್ಲಿ ಚರಂಡಿ, ಅದರಲ್ಲಿ ತೂತಿನ ಪೈಪು, ಸುತ್ತ ಜಲ್ಲಿ, ಜಲ್ಲಿಗೆ ನೀರು ಬಿಟ್ಟು ಮಣ್ಣು ತಡೆಯೋ ಜಿಯೊಟೆಕ್ಸ್‌ಟೈಲ್ ಬಟ್ಟೆ ಸುತ್ತಿರಬೇಕು, ಇಲ್ದಿದ್ರೆ ಸ್ವಲ್ಪ ವರ್ಷದಲ್ಲಿ ಮಣ್ಣು ನುಗ್ಗಿ ಪೈಪ್ ಕಟ್ಕೊಳ್ಳುತ್ತೆ. ಪೈಪಿಗೆ 100ಕ್ಕೆ 1ರಷ್ಟಾದ್ರೂ ಇಳಿಜಾರು ಬೇಕು, ಕೊನೆಗೆ ಆ ನೀರು ಹೊರಬೀಳೋ ಜಾಗ ಕಣ್ಣಿಗೆ ಕಾಣ್ಬೇಕು. ಎಲ್ಲೋ ಮಣ್ಣೊಳಗೆ ಬಿಟ್ಟಿದ್ದೀವಿ ಸಾರ್ ಅಂದ್ರೆ ಒಪ್ಪಬೇಡಿ. ಹಾಗೇ ಸೂರಿನ ನೀರು. 100 ಚದರ ಮೀಟರ್ ಚಾವಣಿ ಮೇಲೆ 50 ಮಿ.ಮೀ. ಮಳೆ ಬಿದ್ರೆ 5,000 ಲೀಟರ್, ಅಂದ್ರೆ ಒಂದು ಟ್ಯಾಂಕರ್ ನೀರನ್ನ ಗೋಡೆ ಬುಡಕ್ಕೆ ಸುರಿದ ಹಾಗೆ. ಮೇಲಿನ ಮಗ್ಗುಲಲ್ಲಿ ಇಂಗುಗುಂಡಿನೋ ಸೋರೋ ಟ್ಯಾಂಕೋ ಇದ್ರೆ ಅದನ್ನೂ ನೋಡಿ, ಮಳೆ ಇಲ್ಲದ ದಿನವೂ ಗೋಡೆ ಒದ್ದೆ ಅಂದ್ರೆ ನನ್ನ ಅನುಮಾನ ಮೊದ್ಲು ಅಲ್ಲೇ ಹೋಗೋದು.

ಆದ್ರೆ ಹುಷಾರು, ಅಗೀರಿ ಅಂದೆ ಅಂತ ಜೆಸಿಬಿ ತಂದು ಧರೆಯ, ಅಂದ್ರೆ ಮನೆ ಹಿಂದೆ ಕಡಿದ ಗುಡ್ಡದ, ಬುಡಾನ ಉದ್ದಕ್ಕೂ ಒಂದೇ ದಿನ ಕೆರೆದು ಬಿಡಬೇಡಿ. ಇಡೀ ಗುಡ್ಡ ಆ ಬುಡದ ಮೇಲೇ ಒರಗಿರುತ್ತೆ. ಎಂಜಿನಿಯರ್ ಎದುರಿಗೆ, ಒಣ ದಿನಗಳಲ್ಲಿ, ಸ್ವಲ್ಪ ಸ್ವಲ್ಪ ಉದ್ದ ಅಗೆದು ಅಷ್ಟು ಮುಗಿಸಿ ಮುಚ್ಚಿ ಆಮೇಲೆ ಮುಂದಕ್ಕೆ ಹೋಗ್ಬೇಕು. ಹಿತ್ತಲು ಇನ್ನೊಂದು ಮೀಟರ್ ಅಗಲ ಆಗ್ಲಿ ಅನ್ನೋ ಆಸೆ ಅಣ್ಣನಿಗಿದ್ರೆ ಮರೆತುಬಿಡೋಕೆ ಹೇಳಿ.

ಓರೆ ಬಿರುಕು ನನಗೆ ತೇವಕ್ಕಿಂತ ಜಾಸ್ತಿ ಯೋಚನೆ ತರಿಸ್ತು. ಇಂಥ ಮನೆಗಳು ಎಷ್ಟೋ ಸಲ ಅರ್ಧ ಗುಡ್ಡ ಕಡಿದ ಗಟ್ಟಿ ನೆಲದ ಮೇಲೆ, ಇನ್ನರ್ಧ ಆ ಕಡಿದ ಮಣ್ಣನ್ನೇ ಕಣಿವೆ ಕಡೆಗೆ ತುಂಬಿದ ನೆಲದ ಮೇಲೆ ಕೂತಿರ್ತವೆ, ತುಂಬಿದ ಮಣ್ಣು ಕುಸೀತಾ ಹೋಗುತ್ತೆ, ಗಟ್ಟಿ ನೆಲ ಅಲ್ಲೇ ಇರುತ್ತೆ, ಮಧ್ಯೆ ಗೋಡೆ ಸೀಳುತ್ತೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೀರಿ, ಅಗಲ ಅಳೆದು ಅದನ್ನೂ ಅಲ್ಲೇ ಬರೀರಿ. 1 ಮಿ.ಮೀ. ಒಳಗಿದ್ದು ಬೆಳೀದೇ ಇದ್ರೆ ಬಹುಶಃ ಪ್ಲಾಸ್ಟರ್ ಮಾತು. 5 ಮಿ.ಮೀ. ದಾಟಿದ್ರೆ, ಅಥವಾ ಸಣ್ಣದೇ ಆದ್ರೂ ಗೆರೆ ದಾಟಿ ಮುಂದೆ ಹೋಗ್ತಿದ್ರೆ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡೋವರೆಗೂ ಬೇರೆ ಕೆಲಸ ನಿಲ್ಲಿಸಿ. ಬಾಗಿಲು ಇತ್ತೀಚೆಗೆ ಬಿಗಿ ಆಗಿದ್ಯಾ, ಬೇಲಿ ಕಂಬ ವಾಲಿದ್ಯಾ, ಮನೆಗಿಂತ ಮೇಲಿನ ಗುಡ್ಡದ ನೆಲದಲ್ಲಿ ಬಿಲ್ಲಿನಾಕಾರದ ಸೀಳು ಬಿದ್ದಿದ್ಯಾ, ಅದನ್ನೂ ನೋಡ್ಕೊಳ್ಳಿ. ಸೀಳು ಇದ್ರೆ ಮಳೆ ಜೋರಾದ ರಾತ್ರಿ ಆ ಮನೇಲಿ ಯಾರೂ ಮಲಗೋದು ಬೇಡ.

ಈಗ ಯೋಚಿಸಿ, ಗಾಜಿನ ಬಾಲ್ಕನಿ ಬರೋದು ಯಾವ ಕಡೆಗೆ? ಆ ತುಂಬಿದ ಮಣ್ಣಿನ ಕಡೆಗೇ. ಬೇಡ ಅಂತಲ್ಲ, ಅದರ ಭಾರ ಎಲ್ಲಿಗೆ ಇಳಿಯುತ್ತೆ ಅಂತ ಡ್ರಾಯಿಂಗ್‌ನಲ್ಲಿ ತೋರಿಸಿದ ಮೇಲೆ ಮಾಡ್ಸಿ. ಎಂಜಿನಿಯರ್ ಫೀಸನ್ನ ಅಣ್ಣನೇ ನೇರವಾಗಿ ಕೊಡ್ಲಿ, ಕಂಟ್ರಾಕ್ಟರ್ ಕೈಯಿಂದ ಕೊಡಿಸಬೇಡಿ. ಕಿಚನ್ ಓಪನ್ ಮಾಡೋಕೆ ಕೆಡವೋ ಗೋಡೆ ಭಾರ ಹೊತ್ತಿದ್ಯಾ ಅಂತ ಎಂಜಿನಿಯರನ್ನೇ ಕೇಳಿ.

ಅಣ್ಣನಿಗೆ ಹೇಳೋದು ಹೇಗೆ ಅನ್ನೋದೇ ನಿಮ್ಮ ನಿಜವಾದ ತಲೆನೋವು ಅಂತ ನನಗನ್ಸುತ್ತೆ. ಅವನು ದಡ್ಡ ಅಲ್ಲ, ಅವನಿಗೆ ಕಾಣೋದೇ ನೀವು ಕ್ಯಾಮೆರಾ ತಿರುಗಿಸಿದ ಕಡೆ. ಇನ್ನು ಮುಂದೆ ಪ್ರತಿ ವಿಡಿಯೊ ಹಿತ್ತಲಿಂದ ಶುರುವಾಗ್ಲಿ. ಮಣ್ಣೊಳಗೆ, ಗೋಡೆಯೊಳಗೆ ಹೋಗೋ ಎಲ್ಲದಕ್ಕೂ, ಪೈಪು, ಕಂಬಿ, ವೈರು, ಮುಚ್ಚೋ ಮೊದ್ಲೇ ಟೇಪು ಹಿಡಿದು ಅಳತೆ ಕಾಣೋ ಹಾಗೆ ಫೋಟೊ ತೆಗೀರಿ, ಆ ಫೋಟೊ ಹೋದ ಮೇಲೇನೇ ಆ ಹಂತದ ದುಡ್ಡು ಬಿಡೋದು ಅಂತ ಕಂಟ್ರಾಕ್ಟರ್ ಹತ್ರ ಮೊದ್ಲೇ ಬರೆಸ್ಕೊಳ್ಳಿ. ಕೊನೆಯ ಕಂತಲ್ಲಿ ಒಂದು ಪಾಲನ್ನ ಒಂದು ಮಳೆ ಕಳೆಯೋವರೆಗೂ ಹಿಡಿದಿಡಿ. ಇನ್ನೊಂದು, ಎಷ್ಟರವರೆಗೆ ನೀವೇ ತೀರ್ಮಾನ ತಗೋಬಹುದು ಅನ್ನೋ ಮೊತ್ತ ಬರವಣಿಗೆಯಲ್ಲಿ ಇರ್ಲಿ, ಇಲ್ಲಿ ಹಗಲು ಅಲ್ಲಿ ರಾತ್ರಿ, ಕಲಸಿಟ್ಟ ಕಾಂಕ್ರೀಟು ಅಣ್ಣ ನಿದ್ದೆಯಿಂದ ಏಳೋವರೆಗೂ ಕಾಯಲ್ಲ.

ರಜಕ್ಕೆ ಟಿಕೆಟ್ ಬುಕ್ ಮಾಡಿದ್ದೀನಿ, ಅಷ್ಟರೊಳಗೆ ಮುಗಿಸು ಅಂತಾನಾ? ಕಾಂಕ್ರೀಟಿನ ಶಕ್ತಿ ಅಳೆಯೋದು 28 ದಿನಕ್ಕೆ, 7 ದಿನಕ್ಕೆ ಬರೋದು ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಮಾತ್ರ. ಟಿಕೆಟ್ ಮುಂದಕ್ಕೆ ಹಾಕೋದು ಸುಲಭ.

ಮೊದ್ಲು ಆ ಪ್ಲಾಸ್ಟಿಕ್ ಶೀಟ್ ಅಂಟಿಸಿ, ಹನಿ ಯಾವ ಕಡೆ ಕೂತಿತ್ತು ಅಂತ ಬರೀರಿ. ಬಿರುಕಿನ ಫೋಟೊ ಕಳಿಸೋದಾದ್ರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೀರಿ, ಬೆರಳು ಇಟ್ಟಲ್ಲ.