ಹುಟ್ಟಿದ್ದನ್ನು ಯಾರೂ ನೋಡದ ನಕ್ಷತ್ರಕ್ಕೆ ವಯಸ್ಸು ಹೇಳುವುದು ಹೇಗೆ?

ಪಕ್ಕದ ಕುಬ್ಜ ಗ್ಯಾಲಕ್ಸಿಗಳ (ನಮ್ಮ ಗ್ಯಾಲಕ್ಸಿಗಿಂತ ತೀರಾ ಚಿಕ್ಕವು) ನಕ್ಷತ್ರಗಳಿಗೆ ಇಷ್ಟು ನೂರು ಕೋಟಿ ವರ್ಷ ಅಂತ ವಿಜ್ಞಾನಿಗಳು ವಯಸ್ಸು ಹೇಳುತ್ತಾರಲ್ಲ, ಅದು ಸುಮ್ನೆ ಅಂದಾಜಾ ಅಂತ ಕೇಳಿದ್ದೀರಿ.

ಅಂದಾಜೇ, ಆದರೆ ಸುಮ್ನೆ ಅಲ್ಲ. ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಇದೇ ಕೆಲಸ ಮಾಡಿದ್ದೆ, ಕ್ಯಾರಿನಾ ಎಂಬ ಕುಬ್ಜ ಗ್ಯಾಲಕ್ಸಿಯ ಮೇಲೆ. ಜನವರಿಯಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ ವಿಜಯಪುರದ ಹೊರಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಅಗಸ್ತ್ಯ ನಕ್ಷತ್ರ ಬೆಳ್ಳಗೆ ಹೊಳೆಯುತ್ತಿರುತ್ತದೆ. ಕೈ ಚಾಚಿ ಎರಡು ಬೆರಳು ಅಡ್ಡ ಹಿಡಿದರೆ ಎಷ್ಟಾಗುತ್ತದೋ ಅಷ್ಟು ಅಂತರದಲ್ಲಿ, ಎಡಕ್ಕೆ ತುಸು ಮೇಲೆ, ಕ್ಯಾರಿನಾ ಇದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಅಗಸ್ತ್ಯ ಇರುವುದು ಸುಮಾರು 310 ಜ್ಯೋತಿರ್ವರ್ಷ ದೂರದಲ್ಲಿ, ಇದು 3.4 ಲಕ್ಷದಷ್ಟು ದೂರ. 1977ರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಂದೇ ನಕ್ಷತ್ರ ತೋರಿಸಿ ವಯಸ್ಸು ಕೇಳಿದರೆ ಹೇಳುವುದು ಕಷ್ಟ. ಗುಂಪು ಕೊಟ್ಟರೆ ಹೇಳಬಹುದು. ತೂಕ ಜಾಸ್ತಿ ಇದ್ದ ನಕ್ಷತ್ರ ಬೇಗ ಉರಿದು ಮುಗಿಯುತ್ತದೆ. ಸೂರ್ಯನ ಆಯಸ್ಸು ಸುಮಾರು 1000 ಕೋಟಿ ವರ್ಷ, ಅದರ ಹತ್ತು ಪಟ್ಟು ತೂಕದ್ದಕ್ಕೆ ಎರಡು ಮೂರು ಕೋಟಿ ಅಷ್ಟೇ. ಹಾಗಾಗಿ ಗುಂಪಿನಲ್ಲಿ ಇನ್ನೂ ಯಾವ ತೂಕದವು ಉಳಿದಿವೆ ಅಂತ ನೋಡಬೇಕು. ಗ್ರಾಫಿನಲ್ಲಿ ಅಡ್ಡಕ್ಕೆ ಬಣ್ಣ, ಮೇಲಕ್ಕೆ ಬೆಳಕು ಹಾಕಿ ಸಾವಿರಾರು ಚುಕ್ಕಿ ಇಡುತ್ತೇವೆ. ಓರೆಯಾಗಿ ಮೇಲೇರುವ ಸಾಲು ಒಂದು ಕಡೆ ಮೊಣಕೈಯಂತೆ ಕೆಂಪಿನತ್ತ ಮಡಚಿಕೊಳ್ಳುತ್ತದೆ. ತೂಕ ಜಾಸ್ತಿ ಇದ್ದವು ಹೆಚ್ಚು ಬೆಳಗುತ್ತವೆ, ಸಾಲಿನ ಮೇಲ್ಗಡೆ ಇರುತ್ತವೆ, ಮೊದಲು ಮುಗಿಯುವುದೂ ಅವೇ. ಹಾಗಾಗಿ ಆ ಮಡಿಕೆ ಕೆಳಗಿದ್ದಷ್ಟೂ ಗುಂಪಿಗೆ ವಯಸ್ಸು ಜಾಸ್ತಿ. ಎಲ್ಲ ನಕ್ಷತ್ರಗಳೂ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ ಬೆಳಕನ್ನು ನೇರವಾಗಿ ಹೋಲಿಸಬಹುದು. ಕುಬ್ಜ ಗ್ಯಾಲಕ್ಸಿಯ ದೊಡ್ಡ ಅನುಕೂಲ ಅದೇ.

ನಾನು ಮಾಡಿದ ಮೊದಲ ಗ್ರಾಫ್ ತಲೆಕೆಳಗಾಗಿತ್ತು. ಖಗೋಳದಲ್ಲಿ ಬೆಳಕು ಹೆಚ್ಚಿದಷ್ಟೂ ಅಂಕಿ ಚಿಕ್ಕದು, ಅದನ್ನು ಮರೆತಿದ್ದೆ. ಸರಿಮಾಡಿದ ಮೇಲೆ ಇನ್ನೊಂದು ತಪ್ಪು. ಮೇಲ್ಗಡೆ ಕೆಂಪು ದೈತ್ಯಗಳ, ಅಂದರೆ ಮುಪ್ಪಿನಲ್ಲಿ ಉಬ್ಬಿ ಕೆಂಪಾದ ನಕ್ಷತ್ರಗಳ, ಸಾಲು ತೆಳ್ಳಗೆ ಕಂಡಿತು, ಎಲ್ಲವೂ ಒಂದೇ ವಯಸ್ಸಿನವು ಅಂತ ಬರೆದುಬಿಟ್ಟೆ. ಗೈಡ್ ನಕ್ಕು, "ಕೆಳಗೆ ನೋಡಪ್ಪಾ" ಎಂದರು. ಕೆಳಗೆ ಮಡಿಕೆ ಒಂದಲ್ಲ, ಬೇರೆ ಬೇರೆ ಎತ್ತರದಲ್ಲಿ ಮೂರು!

ನಮ್ಮ ಕಾಕಾ ಬದುವಿನ ಮೇಲೆ ನಿಂತು ಹಿಂಗಾರಿ ಜೋಳ ನೋಡಿ ಹೀಗೇ ಹೇಳುತ್ತಿದ್ದ. ಕೆಲವು ತೆನೆ ಹಾಕಿವೆ, ಕೆಲವು ಇನ್ನೂ ಮೊಣಕಾಲೆತ್ತರ ಇವೆ ಅಂದರೆ ಇಲ್ಲಿ ಮರುಬಿತ್ತನೆ ಆಗಿದೆ. ಕ್ಯಾರಿನಾದ್ದೂ ಮರುಬಿತ್ತನೆಯ ಹೊಲ. 1000 ಕೋಟಿ ವರ್ಷಕ್ಕಿಂತ ಹಿಂದೆ ಒಂದು ಬೆಳೆ, ನಡುವೆ ಬಹಳ ಕಾಲ ಹೊಲ ಪಾಳು, ಆಮೇಲೆ ಐದಾರು ನೂರು ಕೋಟಿ ವರ್ಷದ ಹಿಂದೆ ದೊಡ್ಡ ಬೆಳೆ, ಕೊನೆಗೆ ಇತ್ತೀಚಿನದೊಂದು ಸಣ್ಣ ಬೆಳೆ.

ಹಾಗಾದರೆ ದೈತ್ಯಗಳ ಸಾಲು ಯಾಕೆ ತೆಳ್ಳಗಿತ್ತು? ವಯಸ್ಸು ಕಡಿಮೆ ಇದ್ದರೆ ನಕ್ಷತ್ರ ತುಸು ನೀಲಿಯತ್ತ ಸರಿಯುತ್ತದೆ. ಆದರೆ ತಡವಾಗಿ ಹುಟ್ಟಿದವುಗಳಲ್ಲಿ ಕಬ್ಬಿಣದಂಥ ಭಾರದ ಧಾತುಗಳು ಜಾಸ್ತಿ, ಅವು ಮತ್ತೆ ಕೆಂಪಿನತ್ತ ತಳ್ಳುತ್ತವೆ. ಒಂದಕ್ಕೊಂದು ವಜಾ ಆಗಿ ಎಲ್ಲ ಒಂದೇ ಗೆರೆಯ ಮೇಲೆ ಬಂದು ಕೂತಿದ್ದವು. ನಾನು ಮೋಸ ಹೋಗಿದ್ದು ಅಲ್ಲೇ.