‘ಸುಮ್ಮನಿರಿ’ ಅಂದರೆ ಅಳಬೇಡಿ ಎಂದಲ್ಲ

ಓದುಗರ ಪ್ರಶ್ನೆ: ಬೈಬಲಿನ ಕೀರ್ತನೆಗಳು

ಪ್ರಶ್ನೆ: ಮನೆಯವರು ಎರಡು ತಿಂಗಳಿಂದ ಆಸ್ಪತ್ರೆಯಲ್ಲಿದ್ದಾರೆ. ‘ಸುಮ್ಮನಿರಿ, ನಾನೇ ದೇವರೆಂದು ತಿಳಿಯಿರಿ’ ಎಂಬ 46ನೇ ಕೀರ್ತನೆಯ ಮಾತು ದಿನಕ್ಕೆ ನಾಲ್ಕು ಸಲ ವಾಟ್ಸಾಪ್‌ಗೆ ಬರುತ್ತದೆ. ಓದಿದಷ್ಟೂ ಸಿಟ್ಟೇ ಬರುತ್ತದೆ. ಇದು ಅವಿಶ್ವಾಸವೇ?
(ಓದುಗರೊಬ್ಬರು, ಹಾಸನ)

ಉತ್ತರ: ಅಲ್ಲ. ಆ 10ನೇ ವಚನವನ್ನು ಒಂಟಿಯಾಗಿ ಕಿತ್ತು ಕಳಿಸುವುದರಿಂದಲೇ ಈ ತೊಂದರೆ. ಹಿಂದಿನ ವಚನ ನೋಡಿ: ದೇವರು ಬಿಲ್ಲು ಮುರಿಯುತ್ತಾನೆ, ಈಟಿ ತುಂಡರಿಸುತ್ತಾನೆ, ಯುದ್ಧ ನಿಲ್ಲಿಸುತ್ತಾನೆ. ಆಮೇಲೆ ಬರುವ ಹೀಬ್ರೂ ಕ್ರಿಯಾಪದದ ಮೂಲ ‘ರಾಫಾ’. ಸಡಿಲಬಿಡು, ಕೈ ಇಳಿಸು ಎಂದು ಅರ್ಥ. ಆ ಗದರಿಕೆ ಕಾದಾಡುತ್ತಿರುವ ಜನಾಂಗಗಳಿಗೆ ಎಂದು ಓದುವುದೇ ಸರಿ ಕಾಣುತ್ತದೆ. ಮಂಚದ ಪಕ್ಕ ಕೂತವರಿಗೆ ‘ಅಳಬೇಡಿ’ ಎಂದು ಹೇಳಿದ್ದಲ್ಲ.

ಅಳು ನುಂಗಿದರೆ ಏನಾಗುತ್ತದೆಂದು 39ನೇ ಕೀರ್ತನೆಯೇ ಹೇಳುತ್ತದೆ: ಬಾಯಿಗೆ ಕಡಿವಾಣ ಹಾಕಿಕೊಂಡೆ, ನೋವು ಹೆಚ್ಚಿತು, ಎದೆ ಕಾದುಹೋಯಿತು. ಹಾಗಾಗಿ ಸದ್ಯಕ್ಕೆ 46 ಬಿಡಿ, 13 ಓದಿ. ಆರೇ ವಚನ. ಮೊದಲ ಎರಡರಲ್ಲೇ ‘ಇನ್ನೆಷ್ಟು ಕಾಲ?’ ಎಂಬ ದೂರು ನಾಲ್ಕು ಸಲ. ಕೊನೆಯ ಎರಡು ವಚನಗಳಲ್ಲಿ ದನಿ ಭರವಸೆಗೆ ತಿರುಗುತ್ತದೆ. ನಿಮಗೆ ಆ ತಿರುವು ಇವತ್ತು ಸುಳ್ಳೆನಿಸಿದರೆ 4ನೇ ವಚನಕ್ಕೇ ನಿಲ್ಲಿಸಿ, ತಪ್ಪಿಲ್ಲ. 88ನೇ ಕೀರ್ತನೆ ಮುಗಿಯುವುದೂ ಕತ್ತಲೆಯಲ್ಲೇ. ಅದಕ್ಕೊಂದು ಸಮಾಧಾನದ ಬಾಲ ಅಂಟಿಸಬೇಕೆಂದು ಸಂಕಲನ ಮಾಡಿದವರಿಗೂ ಅನ್ನಿಸಲಿಲ್ಲ.

ಪ್ರಶ್ನೆ: ದಿನಾ ಐದು ಕೀರ್ತನೆ ಓದಿ ತಿಂಗಳಿಗೆ 150 ಮುಗಿಸುತ್ತೇನೆ. ಆದರೂ ಮನಸ್ಸು ನಿಲ್ಲುವುದಿಲ್ಲ.
(ಓದುಗರೊಬ್ಬರು, ಉಡುಪಿ)

ಉತ್ತರ: ಲೆಕ್ಕ ಸರಿ, ಆಂಗ್ಲಿಕನ್ (ಇಂಗ್ಲೆಂಡ್ ಮೂಲದ) ಚರ್ಚಿನ ಪ್ರಾರ್ಥನಾ ಪುಸ್ತಕವೂ ಕೀರ್ತನೆಗಳನ್ನು 30 ದಿನಕ್ಕೇ ಹಂಚುತ್ತದೆ. ಆದರೆ ಅದು ಸಭೆ ಕೂಡಿ ಹೇಳಲು ಮಾಡಿದ ಹಂಚಿಕೆ. ಕಷ್ಟದ ದಿನಗಳಲ್ಲಿ ಒಬ್ಬರೇ ಅದರ ಹಿಂದೆ ಓಡಿದರೆ ಪುಟ ಮುಗಿಯುತ್ತದೆ, ಅಷ್ಟೇ.

ಒಂದು ವಾರ 131 ಮಾತ್ರ ಇಟ್ಟುಕೊಳ್ಳಿ, ಮೂರು ವಚನ. ತುಟಿಯಾಡಿಸಿ ಓದಿ. ಮೊದಲ ಕೀರ್ತನೆಯಲ್ಲಿ ‘ಧ್ಯಾನಿಸು’ ಎಂದಿರುವ ಕಡೆ ಹೀಬ್ರೂವಿನಲ್ಲಿ ಇರುವುದು ಗುನುಗು, ಗೊಣಗು ಎಂಬರ್ಥದ ಪದ. ಬೈಬಲಿನದೇ ಯೆಶಾಯನ ಗ್ರಂಥದಲ್ಲಿ ಸಿಂಹದ ಗುರುಗುಟ್ಟುವಿಕೆಗೂ ಅದೇ ಪದ. ಕೀರ್ತನೆಯ ಸಾಲು ಸಾಮಾನ್ಯವಾಗಿ ಎರಡು ಅರ್ಧ: ಮೊದಲರ್ಧ ಹೇಳಿದ್ದನ್ನೇ ಎರಡನೆಯದು ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ, ಇಲ್ಲವೇ ಬೆಳೆಸುತ್ತದೆ. ನಡುವೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದುಕೊಂಡು, ಅಲ್ಲಿ ಒಂದು ಪೂರ್ತಿ ಉಸಿರಿನಷ್ಟು ನಿಲ್ಲಿ. ನಾವೆಲ್ಲ ವಚನದ ಕೊನೆಯಲ್ಲಿ ನಿಲ್ಲುತ್ತೇವೆ. ಅಲ್ಲಿ ಮಾತು ಮುಗಿದಿರುತ್ತದೆ, ಮನಸ್ಸು ಕುಕ್ಕರ್ ಕಡೆಗೆ ಹೋಗುತ್ತದೆ. ನಡುವೆ ನಿಂತರೆ ಮಾತು ಅರ್ಧದಲ್ಲಿದೆ, ಅದು ಹೋಗಗೊಡುವುದಿಲ್ಲ. ಕ್ರೈಸ್ತ ಸನ್ಯಾಸಿ ಮಠಗಳ ಗಾಯನದಲ್ಲಿ ವಚನದ ಮಧ್ಯೆ ನಕ್ಷತ್ರ ಚಿಹ್ನೆ ಹಾಕುವುದು ಈ ನಿಲುಗಡೆಗೇ. ಹೀಗೆ ಮೂರು ಸಲ, ಪ್ರತಿ ಸಲದ ನಂತರ ಒಂದು ನಿಮಿಷ ಸುಮ್ಮನೆ ಕೂತರೆ ಒಟ್ಟು ಐದಾರು ನಿಮಿಷ.

ಎರಡನೇ ವಚನದಲ್ಲಿ ತಾಯಿಯ ಬಳಿ ಇರುವುದು ಮೊಲೆ ಬಿಟ್ಟ ಕೂಸು, ಹಾಲು ಕುಡಿಯುವ ಕೂಸಲ್ಲ. ಬೇವು ಹಚ್ಚಿ ಹಾಲು ಬಿಡಿಸಿದ ತಾಯಂದಿರಿಗೆ ಗೊತ್ತು, ಮೊದಲು ದಿನಗಟ್ಟಲೆ ಅಳು, ರಂಪ. ಆಮೇಲೆ ಒಂದು ದಿನ ಏನೂ ಕೇಳದೆ ಬಂದು ಮಡಿಲಲ್ಲಿ ಕೂರುತ್ತದೆ. ಈ ಕೀರ್ತನೆಯ ಮೌನ ರಂಪ ಮುಗಿದ ಮೇಲಿನದು. ಮೂರನೇ ದಿನವೇ ಸಿಗಲಿಲ್ಲವೆಂದು 119ಕ್ಕೆ ಹಾರಬೇಡಿ. ಅದು 176 ವಚನ!

ಪ್ರಶ್ನೆ: ದೇವರ ಮುಂದೆ ಬೆರಗು ಎನ್ನುತ್ತಾರೆ. ಚಿಂತೆ ತುಂಬಿದ ತಲೆಗೆ ಅದೆಲ್ಲಿಂದ ಬರಬೇಕು?
(ಓದುಗರೊಬ್ಬರು, ದುಬೈ)

ಉತ್ತರ: ಬೆರಗನ್ನು ಬಲವಂತದಿಂದ ತರಲಾಗದು, ನೋಟವನ್ನು ಬೇರೆ ಕಡೆ ತಿರುಗಿಸಬಹುದು. 104ನೇ ಕೀರ್ತನೆಯ 19ರಿಂದ 23 ಓದಿ. ಕತ್ತಲಾಗುತ್ತದೆ, ಸಿಂಹದ ಮರಿಗಳು ದೇವರ ಬಳಿ ಊಟ ಕೇಳುತ್ತ ಗರ್ಜಿಸುತ್ತವೆ, ಸೂರ್ಯ ಹುಟ್ಟಿದೊಡನೆ ಗುಹೆಗೆ ಮರಳಿ ಮಲಗುತ್ತವೆ. ಆಗ ಮನುಷ್ಯ ಕೆಲಸಕ್ಕೆ ಹೊರಡುತ್ತಾನೆ, ಸಂಜೆಯವರೆಗೆ. ಸಿಂಹಕ್ಕೆ ರಾತ್ರಿ ಪಾಳಿ, ನಮಗೆ ಹಗಲು ಪಾಳಿ. ಕೊಕ್ಕರೆ, ಕಾಡುಮೇಕೆ, ಸಮುದ್ರದ ಮಹಾಜಂತು ಲಿವ್ಯಾತಾನ್ ಎಲ್ಲರ ನಡುವೆ ನಮ್ಮ ದುಡಿಮೆಗೆ ಸಿಕ್ಕಿದ್ದು ಒಂದೇ ವಚನ. ಪಾಳಿ ಮುಗಿಸಿ ಬಂದ ಸಂಜೆ ಇದನ್ನು ಓದಿ, ಬೆಳಗ್ಗೆ ಅಲ್ಲ.

ಪ್ರಶ್ನೆ: ‘ಯೆಹೋವನು ನನಗೆ ಕುರುಬನು’ ಎಂಬ 23ನೇ ಕೀರ್ತನೆ ಹಳೆಯ ಲ್ಯಾಟಿನ್ ಪುಸ್ತಕದಲ್ಲಿ 22 ಎಂದಿದೆ. ಮುದ್ರಣ ದೋಷವೇ?
(ಓದುಗರೊಬ್ಬರು, ಮಂಗಳೂರು)

ಉತ್ತರ: ದೋಷವಲ್ಲ. ಗ್ರೀಕ್ ಮತ್ತು ಲ್ಯಾಟಿನ್ ಪರಂಪರೆಯಲ್ಲಿ 9 ಮತ್ತು 10 ಸೇರಿ ಒಂದೇ ಕೀರ್ತನೆ, ಅಲ್ಲಿಂದ ಬಹುತೇಕ ಒಂದಂಕಿ ಹಿಂದೆ. 147 ಅಲ್ಲಿ ಎರಡಾಗುವುದರಿಂದ 148ರಲ್ಲಿ ಮತ್ತೆ ಸಮ. ಹೀಬ್ರೂ ಪ್ರತಿ ನೋಡುವವರು ಇನ್ನೊಂದು ಗಮನಿಸಿ: ಅಲ್ಲಿ ತಲೆಬರಹವೂ ಎಷ್ಟೋ ಕಡೆ ವಚನದ ಲೆಕ್ಕಕ್ಕೆ ಸೇರುತ್ತದೆ, ಮೇಲಿನ 46:10 ಅಲ್ಲಿ 46:11.