ಬೋಧನೆ ಮಾಡದೆ ಯೇಸುವಿನ ಮೇಲಿನ ನಂಬಿಕೆಯನ್ನು ಹಂಚಿಕೊಳ್ಳಬಹುದಾ?

ಹಂಚಿಕೊಳ್ಳಬಹುದು, ಪೂರ್ತಿ ಬಾಯಿ ಮುಚ್ಚಿಕೊಂಡಲ್ಲ ಅಷ್ಟೇ. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ನೋಡಿ. ಊಟದ ನಡುವೆ ಯೇಸು ಎದ್ದು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ತೊಳೆಯುತ್ತಾರೆ. ಅದು ಆಳುಗಳ ಕೆಲಸ. ಶಿಷ್ಯ ಪೇತ್ರನಿಗೆ ಮುಜುಗರ, ಬೇಡವೇ ಬೇಡ ಅನ್ನುತ್ತಾನೆ. ಯೇಸುವನ್ನು ವಿರೋಧಿಗಳಿಗೆ ಹಿಡಿದುಕೊಡಲಿದ್ದ ಶಿಷ್ಯ ಯೂದನೂ ಅಲ್ಲೇ ಇದ್ದ! ನಿಮ್ಮೊಳಗೆ ಪ್ರೀತಿಯಿದ್ದರೆ ನೀವು ನನ್ನ ಶಿಷ್ಯರೆಂದು ಎಲ್ಲರಿಗೂ ತಿಳಿಯುತ್ತದೆ ಎಂಬ ಮಾತು ಬರುವುದು ಇದಾದ ಮೇಲೆ, 35ನೇ ವಚನದಲ್ಲಿ.

ಹುಷಾರಿಲ್ಲದ ನೆರೆಯವರ ಪಾತ್ರೆ ತೊಳೆದುಕೊಡಿ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಜೊತೆಗಿರಿ. ಆದರೆ ಅದು ಗಾಳ ಆಗಬಾರದು. ಗಾಳ ಅಂದರೆ ಜನಕ್ಕೆ ಬೇಗ ಗೊತ್ತಾಗಿಬಿಡುತ್ತದೆ, ಅಲ್ವಾ? ಯಾಕೆ ಇಷ್ಟೆಲ್ಲ ಮಾಡ್ತೀರಿ ಅಂತ ಅವರೇ ಕೇಳಿದಾಗ ಹೇಳಿ. ಪೇತ್ರನ ಮೊದಲ ಪತ್ರವೂ (3:15) ಕೇಳುವವರಿಗೆ ಮೆದುವಾಗಿ, ಮರ್ಯಾದೆಯಿಂದ ಉತ್ತರ ಕೊಡಿ ಅನ್ನುತ್ತದೆ.